ಅಕ್ಷರ ಹಿಡಿದು ಪದ ಹುಡುಕುವುದು

ಗೊತ್ತಿರುವ ಒಂದೆರಡು ಅಕ್ಷರಗಳನ್ನು ಹಿಡಿದುಕೊಂಡು, ಆ ಅಕ್ಷರಗಳಿರುವ ಪದಗಳನ್ನು ಹುಡುಕಿ ತೆಗೆಯುವ ವಿದ್ಯೆ ಇದು. ಕೆಲವೊಮ್ಮೆ ಗೊತ್ತಾದ ಅಕ್ಷರ ಇಲ್ಲದ ಪದಗಳನ್ನು ಹುಡುಕುವುದೂ ಇದರೊಳಗೇ ಬರುತ್ತದೆ. ಪದಬಂಧ ಬಿಡಿಸುವವರು, ಅಂತ್ಯಾಕ್ಷರಿ ಆಡುವವರು, ಇಂಗ್ಲಿಷಿನ ಸ್ಕ್ರ್ಯಾಬಲ್ ಹಲಗೆಯ ಮುಂದೆ ಕೂತು ಉದ್ದನೆಯ ಪದಕ್ಕಾಗಿ ತಲೆ ಕೆರೆದುಕೊಳ್ಳುವವರು ಎಲ್ಲರೂ ಮಾಡುವುದು ಇದೇ ಕೆಲಸ. ಇಂಗ್ಲಿಷಿನಲ್ಲಿ ಇದು ಹೆಚ್ಚಾಗಿ ಬಿಡುವಿನ ವೇಳೆಯ ಆಟವಾಗಿ ಬೆಳೆಯಿತು. ಕನ್ನಡದಲ್ಲಿ ಇದು ಆಟವಾಗುವುದಕ್ಕೆ ಸಾವಿರ ವರ್ಷ ಮೊದಲೇ ಕವಿಗಳ ಕಸುಬಾಗಿತ್ತು. ಆ ಕಸುಬಿನ ಅತಿ ಅಚ್ಚುಕಟ್ಟಾದ ಪದಪಟ್ಟಿಗಳು ಸಿದ್ಧವಾದದ್ದು 13ನೆಯ ಶತಮಾನದಲ್ಲಿ, ಹೊಯ್ಸಳರ ರಾಜಧಾನಿ ದೋರಸಮುದ್ರದ ಆಸ್ಥಾನದೊಂದಿಗೆ ನಂಟಿದ್ದ ಒಂದು ವಿದ್ವಾಂಸರ ಮನೆತನದಲ್ಲಿ. ದೋರಸಮುದ್ರವೆಂದರೆ ಇಂದಿನ ಹಳೇಬೀಡು.

ಮೂರು ಊರು, ಮೂರು ಅಕ್ಷರ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳ ಹೆಸರುಗಳನ್ನು ಹತ್ತಿರದಿಂದ ನೋಡಿದರೆ ಈ ವಿದ್ಯೆ ಏಕೆ ಬೇಕಾಯಿತೆಂಬುದು ಅಲ್ಲೇ ತಿಳಿಯುತ್ತದೆ.

ಅರಸೀಕೆರೆ ಎಂದರೆ ಅರಸಿಯ ಕೆರೆ, ರಾಣಿಯ ಹೆಸರಿನಲ್ಲಿ ನಿಂತ ಕೆರೆ. ಈಗ ‘ಕೆರೆ’ ಎಂದು ಬರೆಯುವ ಮಾತನ್ನು ಹಳಗನ್ನಡದಲ್ಲಿ ‘ಕೆಱೆ’ ಎಂದು ಬರೆಯುತ್ತಿದ್ದರು. ಈ ಱಕಾರಕ್ಕೆ ಶಕಟರೇಫವೆಂದು ಹೆಸರು. ಸಾಮಾನ್ಯ ರಕಾರಕ್ಕಿಂತ ಗಡುಸಾಗಿ ನುಡಿಯುತ್ತಿದ್ದ ಅಕ್ಷರವದು. ಹಳೇಬೀಡಿನ ಮೊದಲ ಪದ ‘ಹಳೆಯ’. ಅದರ ಹಿಂದಿನ ರೂಪ ‘ಪೞೆಯ’. ಅಲ್ಲಿರುವುದು ೞ, ಅಂದರೆ ರಳ. ತಮಿಳು, ಮಲಯಾಳಂಗಳಲ್ಲಿ ಈ ಧ್ವನಿ ಇಂದಿಗೂ ಬದುಕಿದೆ. ಅವರ ‘ಪೞೈಯ’, ‘ಪೞಯ’ಗಳು ನಮ್ಮ ‘ಹಳೆಯ’ದ ದಾಯಾದಿಗಳು. ಬೇಲೂರನ್ನು ಶಾಸನಗಳೂ ಸ್ಥಳಪುರಾಣಗಳೂ ವೇಲಾಪುರವೆಂದೂ ವೇಳಾಪುರವೆಂದೂ ಎರಡು ಬಗೆಯಲ್ಲಿ ಕರೆಯುತ್ತವೆ. ಸಂಸ್ಕೃತದ ಲಕಾರ ಕನ್ನಡದ ಬಾಯಲ್ಲಿ ಳಕಾರವಾಗುವುದಕ್ಕೆ ಇದೊಂದು ಉದಾಹರಣೆ. ಸ್ಥಲ ಸ್ಥಳವಾದದ್ದು, ಸರಲ ಸರಳವಾದದ್ದು ಇದೇ ದಾರಿಯಲ್ಲಿ.

ಹೀಗೆ ಮೂರು ಊರ ಹೆಸರುಗಳಲ್ಲಿ ಮೂರು ಅಕ್ಷರಗಳ ಕಥೆ ಅಡಗಿದೆ. ಱ ಹೋಗಿ ರ ಉಳಿಯಿತು, ೞ ಹೋಗಿ ಳ ಉಳಿಯಿತು, ಲ ಮತ್ತು ಳ ಒಂದಕ್ಕೊಂದು ಜಾಗ ಬಿಟ್ಟುಕೊಟ್ಟವು. ಆಡುವ ಬಾಯಿಗೆ ಇದರಿಂದ ಕೆಲಸ ಹಗುರವಾಯಿತು. ಬರೆಯುವ ಕವಿಗೆ ಮಾತ್ರ ದೊಡ್ಡ ತೊಡಕು ಎದುರಾಯಿತು, ಏಕೆಂದರೆ ಕನ್ನಡ ಪದ್ಯ ನಿಂತಿದ್ದದ್ದೇ ಅಕ್ಷರದ ಲೆಕ್ಕದ ಮೇಲೆ.

ಎರಡನೆಯ ಅಕ್ಷರದ ಕಟ್ಟುಪಾಡು

ಪ್ರಾಸವಿರುವ ಇಂಗ್ಲಿಷ್ ಪದ್ಯದಲ್ಲಿ ಸಾಲಿನ ಕೊನೆಯ ಪದಗಳು ಒಂದಕ್ಕೊಂದು ಹೊಂದಬೇಕು. ಕನ್ನಡದ ಹಳೆಯ ಪದ್ಯದಲ್ಲಿ ಹೊಂದಬೇಕಾದದ್ದು ಸಾಲಿನ ಮೊದಲ ಪದದ ಎರಡನೆಯ ಅಕ್ಷರ. ಮೊದಲ ಸಾಲಿನ ಎರಡನೆಯ ಅಕ್ಷರ ರಕಾರವಾದರೆ ಉಳಿದೆಲ್ಲ ಸಾಲುಗಳಲ್ಲೂ ಆ ಜಾಗದಲ್ಲಿ ರಕಾರವೇ ಬರಬೇಕು. ರ, ರಿ, ರು, ರೆ ಯಾವುದಾದರೂ ಆದೀತು, ಸ್ವರ ಬದಲಾದರೆ ಅಡ್ಡಿಯಿಲ್ಲ, ವ್ಯಂಜನ ಮಾತ್ರ ಬದಲಾಗುವಂತಿಲ್ಲ. ಇದನ್ನು ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ ಎನ್ನುತ್ತಾರೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯ ಕೆಸರು–ಮೊಸರು ಜೋಡಿಯಲ್ಲೂ ಎರಡನೆಯ ಜಾಗದ ಸಕಾರ ಕಿವಿಗೆ ಹಿತವಾಗಿ ಕೇಳುತ್ತದೆ. ಛಂದಸ್ಸು ಓದದವರ ಕಿವಿಗೂ ಈ ರುಚಿ ಗೊತ್ತು.

ಪ್ರಾಸಗಳಲ್ಲಿ ಆರು ಬಗೆ. ಪ್ರಾಸಾಕ್ಷರದ ಹಿಂದೆ ಹ್ರಸ್ವ ಸ್ವರವಿದ್ದರೆ ಸಿಂಹಪ್ರಾಸ: ಮರ, ಗಿರಿ, ಕರು, ಹೊರೆ. ದೀರ್ಘವಿದ್ದರೆ ಗಜಪ್ರಾಸ: ಊರು, ನಾರಿ, ತೋರಣ. ಸೊನ್ನೆಯಿದ್ದರೆ ವೃಷಭ: ಕಂದ, ಮಂದಿ, ಬಿಂದು. ವಿಸರ್ಗವಿದ್ದರೆ ಅಜ: ದುಃಖದಂಥ ಅಪರೂಪದ ಪದಗಳು. ಬೇರೆ ಬೇರೆ ವ್ಯಂಜನಗಳ ಒತ್ತಕ್ಷರವಿದ್ದರೆ ಶರಭ: ಭಕ್ತಿ, ರಕ್ತ, ಮುಕ್ತಾಯ. ಅದೇ ವ್ಯಂಜನ ಇಮ್ಮಡಿಸಿದ್ದರೆ ಹಯ: ಕಲ್ಲು, ಹುಲ್ಲು, ಮಲ್ಲಿಗೆ. ಸಿಂಹದಲ್ಲಿ ಆರಂಭಿಸಿದ ಪದ್ಯವನ್ನು ಗಜಕ್ಕೆ ಹೊರಳಿಸುವಂತಿಲ್ಲ. ಸುಮಾರು 990ರ ನಾಗವರ್ಮನ ‘ಛಂದೋಂಬುಧಿ’ಯಿಂದ ಹಿಡಿದು ಶಾಲೆಯ ವ್ಯಾಕರಣ ಪುಸ್ತಕದವರೆಗೆ ಪ್ರಾಸದ ಪಾಠ ನಡೆದುಬಂದಿದೆ.

ಈ ಕಟ್ಟುಪಾಡಿನ ಭಾರ ಎಷ್ಟೆಂಬುದನ್ನು ಲೆಕ್ಕದಲ್ಲೇ ನೋಡಬಹುದು. ಕಂದ, ವೃತ್ತ ಎಂಬ ಛಂದಸ್ಸುಗಳಿಗೆ ನಾಲ್ಕು ಸಾಲು, ಅಂದರೆ ಪದ್ಯವೊಂದಕ್ಕೆ ಒಂದೇ ಅಕ್ಷರದ ನಾಲ್ಕು ಪದ. ಷಟ್ಪದಿಗೆ ಆರು. ಕವಿ ಹರಿಹರನ ಸೋದರಳಿಯ ರಾಘವಾಂಕನ ಕೈಯಲ್ಲಿ ಷಟ್ಪದಿ ದೊಡ್ಡ ಕಾವ್ಯಗಳ ಛಂದಸ್ಸಾಯಿತು. ಮುಂದೆ ಕುಮಾರವ್ಯಾಸ ತನ್ನ ಭಾರತವನ್ನು ಎಂಟು ಸಾವಿರಕ್ಕೂ ಹೆಚ್ಚು ಷಟ್ಪದಿಗಳಲ್ಲಿ ಹಾಡಿದ. ಆರರಂತೆ ಲೆಕ್ಕ ಹಾಕಿದರೆ ಸುಮಾರು 48,000 ಕಡೆ ಅವನು ಎರಡನೆಯ ಅಕ್ಷರ ನೋಡಿ ಪದ ಇಟ್ಟಿದ್ದಾನೆ. ಇಷ್ಟು ದೊಡ್ಡ ಕೆಲಸಕ್ಕೆ ಮನಸ್ಸಿನಲ್ಲೇ ಒಂದು ಉಗ್ರಾಣ ಬೇಕು. ಮೊದಲ ಅಕ್ಷರದ ಪ್ರಕಾರ ಜೋಡಿಸಿದ ಉಗ್ರಾಣ ಇಲ್ಲಿ ಉಪಯೋಗಕ್ಕೆ ಬಾರದು. ಎರಡನೆಯ ಅಕ್ಷರದ ಪ್ರಕಾರ ಜೋಡಿಸಿದ್ದೇ ಆಗಬೇಕು.

ದೋರಸಮುದ್ರದ ಪದಪಟ್ಟಿ

ಹೊಯ್ಸಳರ ಕಾಲದಲ್ಲಿ ಈ ಉಗ್ರಾಣದ ಬೀಗದ ಕೈ ಒಂದೇ ಮನೆತನದ ಮೂರು ತಲೆಮಾರಿನಲ್ಲಿ ಕೈ ಬದಲಾಯಿಸುತ್ತ ಬಂತು. ಒಂದನೆಯ ನರಸಿಂಹನ ಕಾಲದಲ್ಲಿ ಕಟಕೋಪಾಧ್ಯಾಯನಾಗಿದ್ದ ಸುಮನೋಬಾಣ ಹಿರಿಯ. ಅವನ ಮಗ ಜನ್ನ. ಇಮ್ಮಡಿ ಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡವನು; 1209ರಲ್ಲಿ ‘ಯಶೋಧರ ಚರಿತೆ’ಯನ್ನೂ 1230ರಲ್ಲಿ ‘ಅನಂತನಾಥ ಪುರಾಣ’ವನ್ನೂ ಬರೆದವನು. ಜನ್ನನ ಭಾವ ಮಲ್ಲಿಕಾರ್ಜುನ, ಹಿಂದಿನ ಕವಿಗಳ ಪದ್ಯಗಳನ್ನು ಆರಿಸಿ ‘ಸೂಕ್ತಿಸುಧಾರ್ಣವ’ ಎಂಬ ಸಂಕಲನ ಕಟ್ಟಿದವನು. ಮಲ್ಲಿಕಾರ್ಜುನನ ಮಗ ಕೇಶಿರಾಜ. ಅಜ್ಜ ಉಪಾಧ್ಯಾಯ, ಸೋದರಮಾವ ಮಹಾಕವಿ, ತಂದೆ ಪದ್ಯಸಂಗ್ರಾಹಕ. ಇಂಥ ಮನೆಯಲ್ಲಿ ಬೆಳೆದ ಹುಡುಗ ವ್ಯಾಕರಣ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಸುಮಾರು 1260ರಲ್ಲಿ ಅವನು ಬರೆದ ‘ಶಬ್ದಮಣಿದರ್ಪಣ’ ಕನ್ನಡದಲ್ಲೇ ಇರುವ ಕನ್ನಡದ ಸಮಗ್ರ ವ್ಯಾಕರಣ. ಸೂತ್ರಗಳು ಕಂದದಲ್ಲಿವೆ, ವಿವರಣೆ ಗದ್ಯದಲ್ಲಿದೆ, ಉದಾಹರಣೆಗಳು ಹಿಂದಿನ ಕವಿಗಳಿಂದ ಬಂದಿವೆ. ಅಕ್ಷರದ ನಿಯಮ ಹೇಳುವ ಸೂತ್ರವೇ ಪ್ರಾಸದ ನಿಯಮಕ್ಕೂ ತಲೆಬಾಗಿ ನಡೆಯುತ್ತದೆ.

ಕೇಶಿರಾಜ ಮೊದಲು ಅಕ್ಷರಗಳನ್ನು ಎಣಿಸುತ್ತಾನೆ. ಸಂಸ್ಕೃತದ ವರ್ಣಮಾಲೆಯಿಂದ ಕನ್ನಡಕ್ಕೆ ಬೇಡದ ಹತ್ತನ್ನು ತೆಗೆದುಹಾಕಿ, ಕನ್ನಡದ್ದೇ ಆದ ಎ, ಒ, ಱ, ೞ, ಳ ಎಂಬ ಐದನ್ನು ಸೇರಿಸಿ, ಅಚ್ಚಗನ್ನಡದ ಅಕ್ಷರಗಳು 47 ಎಂದು ಲೆಕ್ಕ ಮುಗಿಸುತ್ತಾನೆ. ಆಮೇಲೆ ಳಕಾರದ ಗೋಜಲಿಗೆ ಕೈ ಹಾಕುತ್ತಾನೆ. ಕಿವಿಗೆ ಒಂದೇ ಎನಿಸುವ ಧ್ವನಿಯನ್ನು ಅವನು ಮೂರಾಗಿ ಬಿಡಿಸುತ್ತಾನೆ: ಮೂಲದಲ್ಲಿ ೞ ಇದ್ದದ್ದು ರಳ, ಕನ್ನಡದ ಸಹಜ ಳಕಾರ ಕುಳ, ಸಂಸ್ಕೃತದ ಲಕಾರದಿಂದ ಬಂದದ್ದು ಕ್ಷಳ. ನಮ್ಮ ಊರುಗಳಲ್ಲಿ ಹೇಳುವುದಾದರೆ ಹಳೇಬೀಡಿನದು ರಳ, ವೇಳಾಪುರದ್ದು ಕ್ಷಳ.

ಯಾವ ಪದದಲ್ಲಿ ಯಾವುದಿದೆ ಎಂದು ತಿಳಿಯುವುದು ಹೇಗೆ? ಅದಕ್ಕೆ ಸೂತ್ರ ಸಾಲದು, ಪಟ್ಟಿಯೇ ಬೇಕು. ಕೇಶಿರಾಜ ೞ ಇರುವ ಪದಗಳನ್ನು ಹುಡುಕಿ, ಬಾಯಿಪಾಠಕ್ಕೆ ಒದಗುವಂತೆ ಪದ್ಯದಲ್ಲಿ ಪೋಣಿಸಿಕೊಟ್ಟ. ಅಂಥ ಪಟ್ಟಿಯ ಗುಣವನ್ನು ತಿಳಿಯಲು ಇಂದಿನ ಓದುಗರೂ ಒಂದನ್ನು ಮಾಡಿಕೊಳ್ಳಬಹುದು. ಹ್ರಸ್ವದ ನಂತರ ೞ ಬರುವ ಪದಗಳು: ಮೞೆ, ಪುೞು, ಪೞೆ, ಕೊೞಲ್, ಪೊೞಲ್, ಅೞು, ಇೞಿ. ದೀರ್ಘದ ನಂತರ ಬರುವವು: ಬಾೞೆ, ಕೋೞಿ, ಏೞು, ಕೂೞ್, ಪೇೞ್, ಪಾೞ್. ಮೊದಲ ಗುಂಪಿನ ನಾಲ್ಕು ಪದ ಸಿಕ್ಕರೆ ಸಿಂಹಪ್ರಾಸದ ಒಂದು ಕಂದಕ್ಕೆ ಬುನಾದಿ ಬಿತ್ತು, ಎರಡನೆಯದರಿಂದ ಗಜಪ್ರಾಸದ ಕಂದ ಏಳುತ್ತದೆ. ಮುಳ್ಳು, ಎಳ್ಳು, ಬೆಳೆ, ಒಳಗು, ತಳಿರು ಇವೆಲ್ಲ ಕುಳದವು. ಇವನ್ನು ಮೞೆಯ ಜೊತೆಗೆ ಕೂರಿಸಿದರೆ ಹಳೆಯ ವಿದ್ವಾಂಸರು ಪ್ರಾಸ ಕೆಟ್ಟಿತೆಂದು ಮುಖ ತಿರುಗಿಸುತ್ತಿದ್ದರು.

ಪಟ್ಟಿ ಮಾಡಬೇಕಾಗಿ ಬಂದದ್ದೇ ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಬಾಯಲ್ಲಿ ಭೇದ ಸ್ಪಷ್ಟವಿದ್ದಾಗ ಯಾರೂ ಪಟ್ಟಿ ಮಾಡುವುದಿಲ್ಲ. ಮಳೆ, ಬೆಳೆಗಳಲ್ಲಿ ಬೇರೆ ಬೇರೆ ಳಕಾರವಿದೆಯೆಂದು ಪುಸ್ತಕ ನೋಡಿ ಕಲಿಯಬೇಕಾದ ಕಾಲ ಬಂದಿತ್ತು ಎಂಬುದಕ್ಕೆ ಕೇಶಿರಾಜನ ಪಟ್ಟಿಯೇ ಸಾಕ್ಷಿ. ಕಿವಿ ಮರೆತದ್ದನ್ನು ಪ್ರಾಸ ಹಿಡಿದಿಟ್ಟುಕೊಂಡಿತ್ತು.

ಕೇಶಿರಾಜನ ಧಾತುಪಾಠದ ಜೋಡಣೆಯೂ ಗಮನಿಸಬೇಕಾದದ್ದು. ಕ್ರಿಯಾಪದಗಳ ಮೂಲರೂಪಗಳನ್ನು ಅವನು ಕೊನೆಯ ವ್ಯಂಜನದ ಪ್ರಕಾರ ಗುಂಪು ಮಾಡಿದ್ದಾನೆ. ಕಕಾರದಲ್ಲಿ ಮುಗಿಯುವವು ಒಂದೆಡೆ, ಗಕಾರದಲ್ಲಿ ಮುಗಿಯುವವು ಇನ್ನೊಂದೆಡೆ. ಪ್ರತ್ಯಯ ಹತ್ತುವುದು ಧಾತುವಿನ ಬಾಲಕ್ಕೆ ಆದ್ದರಿಂದ ವ್ಯಾಕರಣಕಾರನಿಗೆ ಬಾಲವೇ ಮುಖ್ಯ. ಕವಿಗೆ ಎರಡನೆಯ ಅಕ್ಷರ, ವ್ಯಾಕರಣಕಾರನಿಗೆ ಕೊನೆಯ ಅಕ್ಷರ: ಒಂದೇ ಗ್ರಂಥದಲ್ಲಿ ಎರಡು ಬಗೆಯ ಹುಡುಕಾಟಕ್ಕೆ ದಾರಿಯಿದೆ.

ಕಲ್ಲಿನಲ್ಲಿ ಬಿಟ್ಟ ಸ್ಥಳ

ಕೇಶಿರಾಜನಿಗಿಂತ ಎಂಟು ಶತಮಾನ ಹಿಂದಿನ ೞಕಾರವನ್ನು ನೋಡಬೇಕಾದರೂ ಈ ಸೀಮೆ ಬಿಟ್ಟು ಹೋಗಬೇಕಿಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು 450ರದೆಂದು ಹೇಳುವ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ. 1936ರಲ್ಲಿ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಅದರ 16 ಸಾಲುಗಳಲ್ಲಿ ‘ಅೞಿವೋನ್’ ಎಂಬ ಮಾತಿದೆ, ದಾನವನ್ನು ಹಾಳು ಮಾಡುವವನು ಎಂದು ಅರ್ಥ. ‘ಗೞ್ದೆ’ ಎಂಬ ಮಾತೂ ಇದೆ. ಅದು ಗರ್ದೆಯಾಗಿ, ಕೊನೆಗೆ ನಾವು ನಾಟಿ ಮಾಡುವ ಗದ್ದೆಯಾಯಿತು. ವ್ಯಂಜನದ ಹಿಂದಿನ ೞ ರಕಾರವಾಗಿ, ಆಮೇಲೆ ಮುಂದಿನ ಅಕ್ಷರದಲ್ಲಿ ಕರಗುವುದು ಕನ್ನಡದ ನಡೆ: ಎೞ್ದು ಎರ್ದುವಾಗಿ ಎದ್ದು ಆಯಿತು, ಬಿೞ್ದು ಬಿರ್ದುವಾಗಿ ಬಿದ್ದು ಆಯಿತು. ಗದ್ದೆ, ಎದ್ದು, ಬಿದ್ದುಗಳಲ್ಲಿ ಇಂದು ೞಕಾರದ ಸುಳಿವೂ ಇಲ್ಲ. ಆದ್ದರಿಂದ ಹಳೆಯ ಅಕ್ಷರ ಹಿಡಿದು ಹುಡುಕುವವರು ಈಗಿನ ಕಾಗುಣಿತವನ್ನೇ ನಂಬಿ ಕೂರುವಂತಿಲ್ಲ.

ಹೊಯ್ಸಳರ ಕಾಲದ ಶಾಸನಗಳಲ್ಲಿ ಪದ್ಯ ಹೇರಳ. ಬೇಲೂರಿನ ಚನ್ನಕೇಶವ ದೇವಾಲಯ 1117ರದು, ಅರಸೀಕೆರೆಯ ಈಶ್ವರ ದೇವಾಲಯ ಸುಮಾರು 1220ರದು. ಈ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದರು. ಕಲ್ಲು ಚಕ್ಕೆ ಎದ್ದಿರುವ ಕಡೆ, ಅಕ್ಷರ ಸವೆದಿರುವ ಕಡೆ ಓದುಗನ ನೆರವಿಗೆ ಬರುವುದು ಪ್ರಾಸ. ಒಂದು ಕಂದದ ಮೂರು ಸಾಲುಗಳು ಕೆಱೆ, ಅಱಿವು, ನೆಱೆ ಎಂದು ಆರಂಭವಾಗಿ ನಾಲ್ಕನೆಯದರ ಆರಂಭ ಒಡೆದುಹೋಗಿದೆ ಎಂದುಕೊಳ್ಳೋಣ. ಕಾಣದ ಪದದ ಮೊದಲ ಅಕ್ಷರ ಹ್ರಸ್ವ, ಎರಡನೆಯದು ಱಕಾರ ಎಂಬಷ್ಟು ಆಗಲೇ ಗೊತ್ತಾಯಿತು. ಪೆಱೆ, ಮಱೆ, ತೆಱೆ, ಕಱೆ ಎಂದು ಬೆರಳೆಣಿಕೆಯ ಪದಗಳು ಉಳಿಯುತ್ತವೆ. ಅರ್ಥ, ಮಾತ್ರೆ, ಕಲ್ಲಿನ ಮೇಲೆ ಉಳಿದ ಗೀರು ಈ ಮೂರೂ ಸೇರಿ ಅವುಗಳಲ್ಲೊಂದನ್ನು ಗಟ್ಟಿ ಮಾಡುತ್ತವೆ. ಪದಬಂಧ ಬಿಡಿಸುವವರು ದಿನವೂ ಮಾಡುವ ತರ್ಕವೇ ಇದು.

ತಾಳೆಗರಿಯ ಪ್ರತಿಗಳಿಗೂ ಇದೇ ಮದ್ದು. ‘ಹಸು ಕರೆ’ ಎಂದರೆ ಹಾಲು ಹಿಂಡುವ ಕರೆ, ‘ಊಟಕ್ಕೆ ಕರೆ’ ಎಂದರೆ ಕೂಗುವ ಕರೆ. ಇಂದು ಎರಡಕ್ಕೂ ಒಂದೇ ಬರಹ. ಹಳಗನ್ನಡದಲ್ಲಿ ಹಾಲಿನದು ಕಱೆ, ಕೂಗಿನದು ಕರೆ. ನೀರಿನ ಅಲೆ ತೆರೆ, ಬಾಗಿಲು ತೆಗೆಯುವುದು ತೆಱೆ. ನಂತರದ ಲಿಪಿಕಾರರು ಎರಡನ್ನೂ ಒಂದೇ ರೀತಿ ಬರೆದುಬಿಟ್ಟಾಗ, ಯಾವುದು ಕವಿಯದು ಎಂದು ಹೇಳುವುದು ಉಳಿದ ಸಾಲುಗಳ ಎರಡನೆಯ ಅಕ್ಷರ. ಶಬ್ದಮಣಿದರ್ಪಣವನ್ನು ಸಂಪಾದಿಸಿದ ಡಿ.ಎಲ್. ನರಸಿಂಹಾಚಾರ್ ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕವನ್ನೇ ಬರೆದು, ಹೀಗೆ ಪಾಠ ಶೋಧಿಸುವ ವಿದ್ಯೆಗೆ ಕನ್ನಡದಲ್ಲಿ ಶಾಸ್ತ್ರ ಕಟ್ಟಿದರು.

ಬೇಡವಾದ ಅಕ್ಷರ

ಇರಬೇಕಾದ ಅಕ್ಷರವನ್ನು ಹುಡುಕುವುದು ಒಂದು ಬಗೆಯಾದರೆ ಇರಬಾರದ ಅಕ್ಷರವನ್ನು ತಪ್ಪಿಸುವುದು ಇನ್ನೊಂದು ಬಗೆ. ಸಂಸ್ಕೃತದಲ್ಲಿ ದಂಡಿ ಇದನ್ನು ಚಿತ್ರಕಾವ್ಯದ ಭಾಗವಾಗಿ ವಿವರಿಸಿದ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ದಂಡಿಯ ಜಾಡಿನಲ್ಲಿ ನಡೆದು ಶಬ್ದಾಲಂಕಾರಗಳ ಚರ್ಚೆಯನ್ನು ಕನ್ನಡಕ್ಕೆ ತಂದಿತು. ನಿರೋಷ್ಠ್ಯವೆಂದರೆ ತುಟಿ ತಾಗಿಸಿ ನುಡಿಯುವ ಅಕ್ಷರಗಳನ್ನು ಬಿಟ್ಟು ಬರೆಯುವುದು; ಪ, ಫ, ಬ, ಭ, ಮ ಇಲ್ಲದೆ ಮಾತು ಕಟ್ಟಬೇಕು. ‘ಅಮ್ಮ’ ಎನ್ನುವಂತಿಲ್ಲ, ‘ತಾಯಿ’ ಎನ್ನಬಹುದು.

ಹದಿಮೂರನೆಯ ಶತಮಾನದ ಆಂಡಯ್ಯ ಬೇರೆಯದೇ ಬೇಲಿ ಹಾಕಿಕೊಂಡ. ಸಂಸ್ಕೃತದ ಪದಗಳನ್ನು ಇದ್ದ ಹಾಗೆಯೇ ಬಳಸದೆ, ಅಚ್ಚಗನ್ನಡ ಮತ್ತು ಕನ್ನಡಕ್ಕೆ ಒಗ್ಗಿದ ತದ್ಭವಗಳಲ್ಲೇ ‘ಕಬ್ಬಿಗರ ಕಾವ’ವನ್ನು ಬರೆದ. ಅವನ ಸೋಸುವಿಕೆ ಪದದ ಮಟ್ಟದ್ದಾದರೂ ಅದರ ಪರಿಣಾಮ ಅಕ್ಷರದ ಮಟ್ಟದಲ್ಲೂ ಕಾಣುತ್ತದೆ, ಏಕೆಂದರೆ ಸಂಸ್ಕೃತ ಪದ ಹೊರಗುಳಿದರೆ ಅದರ ಜೊತೆಗೆ ಶ, ಷ, ಋ ಮೊದಲಾದವೂ ಬಹುಮಟ್ಟಿಗೆ ಹೊರಗುಳಿಯುತ್ತವೆ.

ಈ ಪರಂಪರೆ ಇಂದಿಗೂ ನಡೆಯುತ್ತಿರುವುದು ಅವಧಾನದ ವೇದಿಕೆಯಲ್ಲಿ. ಅಷ್ಟಾವಧಾನದ ಎಂಟು ವಿಭಾಗಗಳಲ್ಲಿ ನಿಷೇಧಾಕ್ಷರಿಯೂ ಒಂದು. ಅವಧಾನಿ ಪದ್ಯದ ಒಂದು ಅಕ್ಷರ ಹೇಳುತ್ತಾರೆ. ಮುಂದೆ ಯಾವ ಅಕ್ಷರ ಬರಬಹುದೆಂದು ಊಹಿಸಿ, ಪ್ರಶ್ನೆ ಕೇಳುವ ಪೃಚ್ಛಕರು ಅದನ್ನು ನಿಷೇಧಿಸುತ್ತಾರೆ. ಅವಧಾನಿ ಆ ಅಕ್ಷರ ಬಿಟ್ಟು ಬೇರೊಂದರಿಂದ ಮುಂದುವರಿಯಬೇಕು, ಅರ್ಥವೂ ಕೆಡಬಾರದು, ಛಂದಸ್ಸೂ ಕೆಡಬಾರದು. ಕೈಯಲ್ಲಿ ಕಾಗದವಿಲ್ಲ, ನಿಘಂಟಿಲ್ಲ. ಶತಾವಧಾನಿ ಆರ್. ಗಣೇಶ್ ಈ ಕಲೆಗೆ ಕನ್ನಡದಲ್ಲಿ ಮತ್ತೆ ದೊಡ್ಡ ಸಭೆ ಕೂಡುವಂತೆ ಮಾಡಿದರು.

ನಿಘಂಟುಗಳ ದಾರಿ

ಹಳೆಯ ಕನ್ನಡ ನಿಘಂಟುಗಳು ಅಕ್ಷರದ ಸಾಲಿನಲ್ಲಿ ಇರಲಿಲ್ಲ. ರನ್ನನ ಹೆಸರಿನ ‘ರನ್ನಕಂದ’, ಎರಡನೆಯ ನಾಗವರ್ಮನ ‘ಅಭಿಧಾನ ವಸ್ತುಕೋಶ’, 1398ರ ಮಂಗರಾಜನ ನಿಘಂಟು, ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ ಎಲ್ಲವೂ ಪದ್ಯದಲ್ಲಿವೆ. ಅರ್ಥದ ನಂಟು ಹಿಡಿದು ಬಾಯಿಪಾಠ ಮಾಡುವುದಕ್ಕೆಂದೇ ಅವು ಹುಟ್ಟಿದವು. ಪುಟ ತಿರುವಿ ಪದ ಹುಡುಕುವ ಪದ್ಧತಿ ಬಂದದ್ದು ಅಚ್ಚಿನ ಜೊತೆಗೆ. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. ಫರ್ಡಿನಂಡ್ ಕಿಟೆಲ್ 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಸುಮಾರು 70,000 ಪದಗಳ ನಿಘಂಟನ್ನು ಹೊರತಂದರು. ವ್ಯಾಕರಣ ಮೊದಲು, ನಿಘಂಟು ಆಮೇಲೆ ಎಂಬ ಈ ಕ್ರಮ ಸುಮ್ಮನೆ ಬಂದದ್ದಲ್ಲ. ಕೇಶಿರಾಜನ ಪಟ್ಟಿಗಳನ್ನು ಅರೆದು ಕುಡಿದವರಿಗೇ ಹಳಗನ್ನಡದ ಪದಗಳನ್ನು ಸರಿಯಾದ ಅಕ್ಷರದಲ್ಲಿ ನಿಲ್ಲಿಸಲು ಸಾಧ್ಯವಿತ್ತು. ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗ ಸಮೇತ ಪದಗಳನ್ನು ಕೂಡಿಹಾಕಿತು.

ಈ ನಿಘಂಟುಗಳೆಲ್ಲ ಮೊದಲ ಅಕ್ಷರದಿಂದ ತೆರೆದುಕೊಳ್ಳುತ್ತವೆ. ಎರಡನೆಯ ಅಕ್ಷರದಿಂದ ತೆರೆಯುವ ಬಾಗಿಲು ಅಚ್ಚಿನ ನಿಘಂಟಿನಲ್ಲಿ ಇರಲಿಲ್ಲ. ಅಷ್ಟರಲ್ಲಿ ಅದರ ಅಗತ್ಯವೂ ಕುಗ್ಗಿತು. ಈಗ ಕಾಸರಗೋಡು ಜಿಲ್ಲೆಗೆ ಸೇರಿರುವ ಮಂಜೇಶ್ವರದ ಗೋವಿಂದ ಪೈ 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆಯತೊಡಗಿದರು. ಆಗ ಅದಕ್ಕೆ ಸಾಕಷ್ಟು ವಿರೋಧ ಬಂತು. ನವೋದಯದ ಕವಿಗಳು ಅದೇ ದಾರಿ ಹಿಡಿದರು. ಅಕ್ಷರ ಹಿಡಿದು ಪದ ಹುಡುಕುವುದು ಕವಿಯ ಕರ್ತವ್ಯವಾಗಿ ಉಳಿಯಲಿಲ್ಲ.

ಇಂಗ್ಲಿಷಿನ ಆಟ

ಕನ್ನಡದ ಕವಿ ಈ ಹೊರೆ ಇಳಿಸಿದ ಹೊತ್ತಿಗೆ ಇಂಗ್ಲಿಷಿನಲ್ಲಿ ಅದು ಆಟವಾಗಿ ಜಗತ್ತು ಸುತ್ತಲು ಹೊರಟಿತ್ತು. ಆರ್ಥರ್ ವಿನ್ ರಚಿಸಿದ ಮೊದಲ ಪದಬಂಧ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಂತು. ಆಲ್ಫ್ರೆಡ್ ಬಟ್ಸ್ ಕಟ್ಟಿದ ಆಟ 1948ರಲ್ಲಿ ಸ್ಕ್ರ್ಯಾಬಲ್ ಎಂಬ ಹೆಸರು ಪಡೆಯಿತು. ಅದರಲ್ಲಿ 100 ಬಿಲ್ಲೆಗಳು. ಹೆಚ್ಚು ಬಳಕೆಯ ಇ, ಎ ಅಕ್ಷರಗಳಿಗೆ ಒಂದೇ ಅಂಕ, ಅಪರೂಪದ ಕ್ಯೂ, ಝಡ್‌ಗಳಿಗೆ ಹತ್ತು. ಕೈಯಲ್ಲಿರುವ ಏಳು ಬಿಲ್ಲೆಗಳಲ್ಲಿ ಕ್ಯೂ ಬಂದು ಯು ಬರದಿದ್ದರೆ ಆಟಗಾರನ ಪಾಡು, ೞಕಾರದ ನಾಲ್ಕನೆಯ ಪದ ಸಿಗದ ಹೊಯ್ಸಳ ಕವಿಯ ಪಾಡಿಗಿಂತ ಬೇರೆಯದೇನಲ್ಲ.

ಇಂಗ್ಲಿಷಿನಲ್ಲಿ ಅಕ್ಷರ ಹುಡುಕುವವರ ಕುತೂಹಲ ಹುಟ್ಟುವುದೇ ಅದರ ಕಾಗುಣಿತದ ವಿಚಿತ್ರದಿಂದ. ‘ರಿದಮ್’ ಎಂಬ ಮಾತಿನಲ್ಲಿ ಎ, ಇ, ಐ, ಒ, ಯು ಐದರಲ್ಲಿ ಒಂದೂ ಇಲ್ಲ. ‘ಫೇಸಿಷಸ್’ ಎಂಬ ಪದದಲ್ಲಿ ಆ ಐದೂ ಅದೇ ಕ್ರಮದಲ್ಲಿ ಒಂದೊಂದು ಸಲ ಬರುತ್ತವೆ. ‘ಅನ್‌ಕಾಪಿರೈಟಬಲ್’ ಪದದ ಹದಿನೈದು ಅಕ್ಷರಗಳಲ್ಲಿ ಒಂದೂ ಎರಡನೆಯ ಸಲ ಬರುವುದಿಲ್ಲ. ‘ಸ್ಟ್ರೆಂಗ್ತ್ಸ್’ ಪದದಲ್ಲಿ ಒಂಬತ್ತು ಅಕ್ಷರ, ಸ್ವರ ಮಾತ್ರ ಒಂದೇ. ಇದೇ ಪದವನ್ನು ಕನ್ನಡದಲ್ಲಿ ಬರೆದರೆ ಒತ್ತುಗಳೆಲ್ಲ ಒಂದರ ಕೆಳಗೊಂದು ಕೂತು ಎರಡೇ ಅಕ್ಷರವಾಗಿಬಿಡುತ್ತದೆ. ಅಕ್ಷರ ಬಿಡುವ ಹಟವೂ ಅಲ್ಲಿ ನಡೆದಿದೆ: ಅರ್ನೆಸ್ಟ್ ವಿನ್ಸೆಂಟ್ ರೈಟ್ 1939ರಲ್ಲಿ ‘ಗ್ಯಾಡ್ಸ್‌ಬಿ’ ಎಂಬ ಇಡೀ ಕಾದಂಬರಿಯನ್ನು ಇ ಅಕ್ಷರವಿಲ್ಲದೆ ಬರೆದ, ಜಾರ್ಜ್ ಪೆರೆಕ್ 1969ರಲ್ಲಿ ಫ್ರೆಂಚಿನಲ್ಲಿ ಅದನ್ನೇ ಮಾಡಿದ. ನಿರೋಷ್ಠ್ಯ ಬರೆದವರಿಗೆ ಈ ಇಬ್ಬರೂ ನೆಂಟರೇ.

ಪದಬಂಧದ ಮನೆಗಳು

ಕನ್ನಡದ ದಿನಪತ್ರಿಕೆ, ವಾರಪತ್ರಿಕೆಗಳು ಪದಬಂಧವನ್ನು ಕೈಗೆತ್ತಿಕೊಂಡಾಗ ಮೊದಲ ಪ್ರಶ್ನೆ, ಒಂದು ಮನೆಯಲ್ಲಿ ಏನು ಬರೆಯಬೇಕು ಎಂಬುದು. ಇಂಗ್ಲಿಷಿನಂತೆ ಸ್ವರ, ವ್ಯಂಜನಗಳನ್ನು ಬಿಡಿಬಿಡಿಯಾಗಿ ಕೂರಿಸಿದರೆ ಓದಲಾಗದು. ಆದ್ದರಿಂದ ಗುಣಿತ, ಒತ್ತು ಸಮೇತ ಪೂರ್ತಿ ಅಕ್ಷರ ಒಂದು ಮನೆಯಲ್ಲಿ ಕೂರುತ್ತದೆ. ಬೇಲೂರಿಗೆ ಮೂರು ಮನೆ, ಹಳೇಬೀಡಿಗೆ ನಾಲ್ಕು, ಅರಸೀಕೆರೆಗೆ ಐದು. ಇಂಗ್ಲಿಷಿನಲ್ಲಿ ಬರೆದರೆ ಇವೇ ಐದು, ಎಂಟು, ಎಂಟು. ಬೇಲೂರಿನ ಚನ್ನಕೇಶವನಿಗೂ ಹಳೇಬೀಡಿನ ಹೊಯ್ಸಳೇಶ್ವರನಿಗೂ ಕನ್ನಡದಲ್ಲಿ ಸರಿಸಮಾನವಾಗಿ ಐದೈದು ಮನೆ.

ಇದರಿಂದ ಆಟದ ಸ್ವಭಾವವೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಅಡ್ಡ ಪದದ ಇ ಮೇಲಿನಿಂದ ಕೆಳಗಿನ ಪದಕ್ಕೆ ಸುಲಭವಾಗಿ ಒದಗುತ್ತದೆ. ಕನ್ನಡದಲ್ಲಿ ‘ಳೇ’ ಎಂಬ ಮನೆ ಸಿಕ್ಕರೆ ಕೆಳಗಿನ ಪದಕ್ಕೂ ಅದೇ ಳೇ ಬೇಕು. ಳ, ಳಿ, ಳು ಯಾವುದೂ ನಡೆಯದು. ಪ್ರಾಸದಲ್ಲಿ ಸ್ವರಕ್ಕೆ ಇದ್ದ ಸಡಿಲಿಕೆ ಪದಬಂಧದಲ್ಲಿಲ್ಲ. ಹೀಗಾಗಿ ಪದಬಂಧ ರಚಿಸುವವರು ರ, ನ, ಕ, ವ, ದ ಎಂಬ ಗುಣಿತವಿಲ್ಲದ ಅಕ್ಷರಗಳ ಪದಗಳನ್ನು ಹೆಚ್ಚಾಗಿ ನೆಚ್ಚಿಕೊಳ್ಳುತ್ತಾರೆ. ಕನಕ, ನವರಸ, ವಚನ, ಮದನ ಇಂಥವು ಯಾವ ದಿಕ್ಕಿನಿಂದಲಾದರೂ ಹೆಣೆದುಕೊಳ್ಳುತ್ತವೆ. ಕನಕ, ಗದಗ, ಸಮಾಸಗಳನ್ನು ಹಿಂದುಮುಂದಾಗಿ ಓದಿದರೂ ಅದೇ ಪದ.

ಉದ್ದನೆಯ ಪದ ಹುಡುಕುವ ಆಟಕ್ಕೂ ಕನ್ನಡದಲ್ಲಿ ಬೇರೆ ನಿಯಮ ಬೇಕು. ‘ಮಾಡಿಕೊಳ್ಳಬೇಕಾಗಿರಲಿಲ್ಲವಂತೆ’ ಎಂಬುದು ಹನ್ನೆರಡು ಅಕ್ಷರದ ಒಂದೇ ಪದ, ಹಳ್ಳಿಯ ಜಗಲಿಯ ಮೇಲೆ ದಿನಕ್ಕೆ ಹತ್ತು ಸಲ ಕೇಳಿಸುವಂಥದು. ಪ್ರತ್ಯಯಕ್ಕೆ ಪ್ರತ್ಯಯ ಅಂಟುತ್ತ ಹೋಗುವ ಭಾಷೆಯಲ್ಲಿ ಅತಿ ಉದ್ದನೆಯ ಪದ ಯಾವುದೆಂದು ಕೇಳುವುದರಲ್ಲಿ ಹುರುಳಿಲ್ಲ. ಆದ್ದರಿಂದ ಕನ್ನಡದ ಪದದಾಟಗಳು ನಿಘಂಟಿನ ಮೂಲರೂಪಕ್ಕೆ ಕಟ್ಟುಬಿದ್ದರೆ ಮಾತ್ರ ಜಗಳವಿಲ್ಲದೆ ನಡೆಯುತ್ತವೆ. ಮಕ್ಕಳು ಆಡುವ ಹೆಸರು–ಊರು–ಪ್ರಾಣಿ–ವಸ್ತು ಆಟದಲ್ಲಿ ಈ ತೊಂದರೆ ಬಾರದಿರುವುದು ಅಲ್ಲಿ ಬರೆಯುವುದೆಲ್ಲ ನಾಮಪದಗಳೇ ಆದ್ದರಿಂದ.

ಗಣಕದ ಲೆಕ್ಕ

ಯೂನಿಕೋಡ್ ಬಂದ ಮೇಲೆ ಕನ್ನಡ ಪದಗಳ ಹುಡುಕಾಟ ಗಣಕಕ್ಕೆ ಒಪ್ಪಿಸುವಂತಾಯಿತು. ವಿ. ಕೃಷ್ಣ ಅವರ ‘ಅಲರ್’ನಂಥ ನಿಘಂಟುಗಳು ಅಂತರಜಾಲದಲ್ಲಿ ಮುಕ್ತವಾಗಿ ಸಿಗುತ್ತವೆ. ಪದಪಟ್ಟಿಯೊಂದು ಕೈಯಲ್ಲಿದ್ದರೆ ಬೇಕಾದ ಅಕ್ಷರವಿರುವ ಪದಗಳನ್ನೆಲ್ಲ ಗಣಕ ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿಕೊಡುತ್ತದೆ. ಆದರೆ ಗಣಕ ಎಣಿಸುವ ಘಟಕ ಬೇರೆ, ಕನ್ನಡಿಗ ಎಣಿಸುವ ಅಕ್ಷರ ಬೇರೆ. ಹಳೇಬೀಡು ನಮಗೆ ನಾಲ್ಕು ಅಕ್ಷರ. ಗಣಕಕ್ಕೆ ಅದು ಹ, ಳ, ಏತ್ವದ ಚಿಹ್ನೆ, ಬ, ಈತ್ವದ ಚಿಹ್ನೆ, ಡ, ಕೊಂಬು ಎಂಬ ಏಳು ಸಂಕೇತ. ಬೇಲೂರು ಆರು, ಅರಸೀಕೆರೆ ಎಂಟು. ಒತ್ತಕ್ಷರದಲ್ಲಿ ನಡುವೆ ಒಂದು ಹಲಂತದ ಸಂಕೇತವೂ ಸೇರುವುದರಿಂದ ಚನ್ನಕೇಶವನ ಐದು ಅಕ್ಷರ ಎಂಟು ಸಂಕೇತವಾಗುತ್ತದೆ. ‘ಧರ್ಮ’ದ ಅರ್ಕಾವೊತ್ತು ಕಣ್ಣಿಗೆ ಮಕಾರದ ನಂತರ ಕಾಣುತ್ತದೆ, ಗಣಕದೊಳಗೆ ರಕಾರ ಮೊದಲೇ ಕೂತಿರುತ್ತದೆ.

ಹೀಗಿರುವಾಗ ‘ಎರಡನೆಯ ಅಕ್ಷರ ಳಕಾರವಾಗಿರುವ ಪದಗಳು’ ಎಂದು ಕೇಳಿ, ಗಣಕ ಎರಡನೆಯ ಸಂಕೇತವನ್ನು ನೋಡಿದರೆ ಉತ್ತರ ಅರ್ಧ ತಪ್ಪುತ್ತದೆ. ಹಳೆ, ಮಳೆಗಳು ಸಿಗುತ್ತವೆ; ಕೋಳಿ, ಬಾಳೆಗಳು ತಪ್ಪಿಹೋಗುತ್ತವೆ, ಏಕೆಂದರೆ ಅವುಗಳ ಎರಡನೆಯ ಸಂಕೇತ ದೀರ್ಘದ ಚಿಹ್ನೆ. ಅಂದರೆ ವ್ಯಂಜನದಿಂದ ಆರಂಭವಾಗುವ ಪದಗಳಲ್ಲಿ, ಸಿಂಹಪ್ರಾಸದವುಗಳಲ್ಲೂ ಅಕಾರದಿಂದ ಕೂಡಿದವು ಮಾತ್ರ ಬಲೆಗೆ ಬಿದ್ದು ಗಜಪ್ರಾಸದವೆಲ್ಲ ಜಾರಿಹೋಗುತ್ತವೆ. ಹುಡುಕುವ ತಂತ್ರಾಂಶ ಮೊದಲು ಪದವನ್ನು ಅಕ್ಷರಗಳಾಗಿ ಒಡೆದು, ಆಮೇಲೆ ಎಣಿಸಬೇಕು. ಸೊನ್ನೆ, ವಿಸರ್ಗ, ಒತ್ತುಗಳನ್ನು ಹಿಂದಿನ ಅಕ್ಷರಕ್ಕೋ ಮುಂದಿನದಕ್ಕೋ ಸೇರಿಸುವ ನಿಯಮವೂ ಬೇಕು. ಆ ನಿಯಮ ಹೊಸದಾಗಿ ಕಂಡುಹಿಡಿಯಬೇಕಾದದ್ದೇನೂ ಇಲ್ಲ: ಆರು ಪ್ರಾಸಗಳ ವಿಂಗಡಣೆಯೇ ಅದು.

ಬಿಟ್ಟುಹೋದ ಅಕ್ಷರಗಳಿಗೂ ಯೂನಿಕೋಡಿನಲ್ಲಿ ಜಾಗವಿದೆ, ಱಕಾರಕ್ಕೂ ೞಕಾರಕ್ಕೂ ಪ್ರತ್ಯೇಕ ಸಂಕೇತಗಳಿವೆ. ಆದರೆ ೞಕಾರವನ್ನು ಪಟ್ಟಿಗೆ ಸೇರಿಸುವಾಗ ಅದಕ್ಕೆ ಇಂಗ್ಲಿಷಿನಲ್ಲಿ ಕೊಟ್ಟ ಅಧಿಕೃತ ಹೆಸರು ತಪ್ಪಾಗಿದೆ. ಅಲ್ಲಿ ಅದು ‘ಫ’ ಎಂಬ ಉಚ್ಚಾರದ ಕನ್ನಡ ಅಕ್ಷರ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ, ಇದು ತಪ್ಪು ಹೆಸರು ಎಂಬ ಟಿಪ್ಪಣಿ ಮಾತ್ರ ಪಕ್ಕದಲ್ಲಿದೆ. ಹಳಗನ್ನಡದ ಪಠ್ಯಗಳನ್ನು ಗಣಕಕ್ಕೆ ಏರಿಸುವವರು ೞ, ಱಗಳನ್ನು ಳ, ರಗಳಾಗಿ ಸಲೀಸು ಮಾಡಿಬಿಟ್ಟರೆ, ಲಿಪಿಕಾರರು ತಾಳೆಗರಿಯಲ್ಲಿ ಮಾಡಿದ ತಪ್ಪನ್ನೇ ಮತ್ತೊಮ್ಮೆ ಮಾಡಿದಂತೆ. ಆಮೇಲೆ ಯಾವ ಯಂತ್ರಕ್ಕೂ ಕಱೆಯಿಂದ ಕರೆಯನ್ನು ಬೇರ್ಪಡಿಸಲು ಆಗದು.

ಕನ್ನಡದ ಪದಪಟ್ಟಿ ಪೂರ್ತಿ ಪ್ರಯೋಜನಕ್ಕೆ ಬರಬೇಕಾದರೆ ಅದರಲ್ಲಿ ಮೂರು ಗುಣ ಇರಬೇಕು. ಎಣಿಕೆ ಅಕ್ಷರದ ಲೆಕ್ಕದಲ್ಲಿ ನಡೆಯಬೇಕು, ಎರಡನೆಯ ಅಕ್ಷರದಿಂದಲೂ ಕೊನೆಯ ಅಕ್ಷರದಿಂದಲೂ ಹುಡುಕುವಂತಿರಬೇಕು, ಹಳೆಯ ಅಕ್ಷರಗಳು ಹಳೆಯ ರೂಪದಲ್ಲೇ ಉಳಿದಿರಬೇಕು. ಸುಮಾರು 1260ರ ಶಬ್ದಮಣಿದರ್ಪಣದ ಪಟ್ಟಿಗಳಲ್ಲಿ ಈ ಮೂರಕ್ಕೂ ಬುನಾದಿ ಬಿದ್ದಿತ್ತು.